ಪಾಸ್ ಕೊಳ್ಳುವ ಮುನ್ನ ಪೆನ್ನು ಹಿಡಿಯಿರಿ

‘ಈ ಶನಿವಾರ–ಭಾನುವಾರ ಬೆಂಗಳೂರಿಗೆ ಹೋಗಿ ಬರೋಣವಾ?’

ಕಾಲೇಜಿನ ಯಾವುದೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈ ಪ್ರಶ್ನೆ ಬಿದ್ದರೆ ಮೊದಲ ಹತ್ತು ನಿಮಿಷ ಎಲ್ಲರೂ ರೆಡಿ. ಲಾಲ್‌ಬಾಗ್, ಚರ್ಚ್ ಸ್ಟ್ರೀಟ್, ಬನ್ನೇರುಘಟ್ಟ ಎಂದು ನೋಡುವ ಜಾಗಗಳ ಪಟ್ಟಿ ಬೆಳೆಯುತ್ತಾ ಹೋಗುತ್ತದೆ. ಆಮೇಲೆ ಯಾರೋ ಒಬ್ಬರು, ‘ಒಟ್ಟು ಎಷ್ಟಾಗಬಹುದು?’ ಎಂದು ಕೇಳುತ್ತಾರೆ. ಅಲ್ಲಿಗೆ ಗುಂಪು ತಣ್ಣಗಾಗುತ್ತದೆ. ಮರುದಿನ ಒಬ್ಬನಿಗೆ ಮನೆಯಲ್ಲಿ ಕೆಲಸ, ಇನ್ನೊಬ್ಬಳಿಗೆ ತಲೆನೋವು. ನಿಜವಾದ ಕಾರಣ ಇರುವುದು ಜೇಬಿನಲ್ಲಿ. ಅದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬರೀ ಸುತ್ತಾಡಲು ಹೋಗುವವರ ಕತೆಯಷ್ಟೇ ಅಲ್ಲ ಇದು. ಭಾನುವಾರದ ಸ್ಪರ್ಧಾತ್ಮಕ ಪರೀಕ್ಷೆಗೆ, ಶನಿವಾರದ ಸಂದರ್ಶನಕ್ಕೆ ಎಂದು ಜಿಲ್ಲೆಗಳಿಂದ ರಾಜಧಾನಿಗೆ ಬರುವವರು ಬಹಳ ಮಂದಿ. ಹೇಗೂ ಬಂದಿದ್ದೇವೆ, ಇನ್ನೊಂದು ದಿನ ಊರು ನೋಡಿಕೊಂಡೇ ಹೋಗೋಣ ಎಂಬ ಆಸೆ ಅವರಿಗೂ ಇರುತ್ತದೆ. ಆದರೆ ‘ಬೆಂಗಳೂರಲ್ಲಿ ಕಾಲಿಟ್ಟರೆ ದುಡ್ಡು’ ಎಂಬ ಹೆದರಿಕೆಯಿಂದ ಪರೀಕ್ಷೆ ಮುಗಿದ ತಕ್ಷಣ ಮೆಜೆಸ್ಟಿಕ್ ಸೇರಿ ಊರಿನ ಬಸ್ ಹತ್ತಿಬಿಡುತ್ತಾರೆ.

ಉಳಿದುಕೊಳ್ಳುವ ಜಾಗದ ಬಾಡಿಗೆ ನಮ್ಮ ಕೈಯಲ್ಲಿಲ್ಲ. ಊಟದಲ್ಲಿ ಉಳಿಸಬಹುದಾದದ್ದೂ ಸ್ವಲ್ಪವೇ. ಓಡಾಟದ ಖರ್ಚು ಮಾತ್ರ ಪೂರ್ತಿ ನಮ್ಮ ಕೈಯಲ್ಲಿದೆ. ಒಂದೇ ಜಾಗಗಳನ್ನು, ಅದೇ ಎರಡು ದಿನಗಳಲ್ಲಿ, ಒಂದು ಗುಂಪು ತಲೆಗೆ ₹160ರಲ್ಲಿ ನೋಡಿ ಬರಬಹುದು, ಇನ್ನೊಂದು ಗುಂಪು ₹390 ಕೊಟ್ಟು ಬರಬಹುದು. ಈ ಲೆಕ್ಕ ಹೇಗೆ ಎಂಬುದನ್ನು ಮುಂದೆ ನೋಡೋಣ. ಮೊದಲು ಒಂದು ಮಾತು: ಎಲ್ಲರಿಗೂ ಅಗ್ಗವಾದ ಟಿಕೆಟ್ ಎಂಬುದು ಯಾವ ಊರಿನಲ್ಲೂ ಇಲ್ಲ. ನಿಮ್ಮ ದಿನಕ್ಕೆ ಹೊಂದುವ ಟಿಕೆಟ್ ಮಾತ್ರ ಇದೆ. ಎಲ್ಲಿಗೆ ಹೋಗುತ್ತೇವೆ ಎಂದು ಗೊತ್ತಾಗುವ ಮೊದಲೇ ಪಾಸ್ ಕೊಳ್ಳುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ.

ಊರಿಂದ ಬರುವ ಟಿಕೆಟ್

ವಾರಾಂತ್ಯದ ಖರ್ಚಿನಲ್ಲಿ ದೊಡ್ಡ ಪಾಲು ಹೋಗಿ ಬರುವುದಕ್ಕೇ ಆಗುತ್ತದೆ. ಶುಕ್ರವಾರ ರಾತ್ರಿ ಹೋಗಿ ಭಾನುವಾರ ರಾತ್ರಿ ಮರಳುವುದು ಎಲ್ಲರ ಯೋಜನೆಯೂ ಹೌದು. ಹಾಗಾಗಿ ಆ ಎರಡು ರಾತ್ರಿ ಖಾಸಗಿ ಬಸ್‌ಗಳ ದರ ಏರುತ್ತದೆ.

ರೈಲಿನಲ್ಲಿ ಬರುವುದಾದರೆ ಕಾಯ್ದಿರಿಸಿದ ಟಿಕೆಟ್ ಈಗ ಪ್ರಯಾಣದ ದಿನಕ್ಕಿಂತ 60 ದಿನ ಮೊದಲಷ್ಟೇ ಸಿಗುತ್ತದೆ. 2024ರ ನವೆಂಬರ್‌ಗೆ ಮುಂಚೆ ಈ ಅವಧಿ 120 ದಿನ ಇತ್ತು. ಕಡೇ ಗಳಿಗೆಯಲ್ಲಿ ಹೊರಡುವವರಿಗೆ ಉಳಿಯುವುದು ತತ್ಕಾಲ್. ಹಿಂದಿನ ದಿನ ಬೆಳಿಗ್ಗೆ 10ಕ್ಕೆ ಎಸಿ ದರ್ಜೆಗೆ, 11ಕ್ಕೆ ಸ್ಲೀಪರ್ ಮತ್ತು ಇತರ ಎಸಿಯೇತರ ದರ್ಜೆಗೆ ಬುಕಿಂಗ್ ತೆರೆಯುತ್ತದೆ. 2025ರ ಜುಲೈನಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯ. ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಬುಕಿಂಗ್ ತೆರೆಯುವ ಹೊತ್ತಿಗೆ ಇಟ್ಟುಕೊಂಡರೆ ಟಿಕೆಟ್ ಬೇರೆಯವರ ಪಾಲು. ದೃಢಪಟ್ಟ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ ಎಂಬುದೂ ನೆನಪಿರಲಿ. ‘ನೋಡೋಣ, ಬರ್ತೀನೇನೋ’ ಎನ್ನುವ ಗೆಳೆಯನ ಹೆಸರಿನಲ್ಲಿ ತತ್ಕಾಲ್ ಮಾಡಿಸಬೇಡಿ.

ಹಗಲು ಪ್ರಯಾಣ ಆಗುತ್ತದೆ ಎನ್ನುವವರಿಗೆ ಜನಶತಾಬ್ದಿ ರೈಲುಗಳ ಸೆಕೆಂಡ್ ಸಿಟ್ಟಿಂಗ್ ಒಳ್ಳೆಯ ಆಯ್ಕೆ. ಹುಬ್ಬಳ್ಳಿ, ಶಿವಮೊಗ್ಗ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಮಲಗಲು ಆಗದು, ಆದರೆ ಕೂರಲು ನಿಮ್ಮದೇ ಸೀಟು ಇರುತ್ತದೆ. ವಂದೇ ಭಾರತ್ ಬೇಗ ತಲುಪಿಸುತ್ತದೆ ನಿಜ. ಅದರಲ್ಲಿ ಪೂರ್ತಿ ಎಸಿ ಬೋಗಿಗಳು, ಜನರಲ್ ಬೋಗಿ ಇಲ್ಲ.

ಜನರಲ್ ಟಿಕೆಟ್‌ನಲ್ಲಿ ಬರುವವರು ಎರಡು ಸಂಗತಿ ತಿಳಿದಿರಬೇಕು. ಮೊದಲನೆಯದು ಅವಧಿ. 200 ಕಿ.ಮೀ. ಒಳಗಿನ ದೂರಕ್ಕೆ, ಉದಾಹರಣೆಗೆ ಮೈಸೂರು ಅಥವಾ ತುಮಕೂರಿನಿಂದ, ಟಿಕೆಟ್ ಕೊಂಡ 3 ಗಂಟೆಯೊಳಗೆ ಇಲ್ಲವೇ ಮೊದಲ ರೈಲು ಹೊರಡುವುದರೊಳಗೆ, ಯಾವುದು ತಡವೋ ಅಷ್ಟರಲ್ಲಿ ಪ್ರಯಾಣ ಶುರು ಮಾಡಬೇಕು. ಬೆಳಿಗ್ಗೆ ಕೊಂಡ ಟಿಕೆಟ್ ಸಂಜೆಗೆ ಆಗುವುದಿಲ್ಲ. 200 ಕಿ.ಮೀ. ಮತ್ತು ಅದಕ್ಕಿಂತ ದೂರದ ಊರಾದರೆ 3 ದಿನ ಮುಂಚೆಯೇ ಕೊಳ್ಳಬಹುದು. ಎರಡನೆಯದು ರೈಲಿನ ಬಗೆ. ಸೂಪರ್‌ಫಾಸ್ಟ್ ರೈಲಿಗೆ ಎರಡನೇ ದರ್ಜೆಯಲ್ಲಿ ₹15 ಹೆಚ್ಚುವರಿ ಶುಲ್ಕ ಇದೆ. ಆ್ಯಪ್‌ನಲ್ಲಿ ಟಿಕೆಟ್ ತೆಗೆಯುವಾಗ ಆರ್ಡಿನರಿ, ಎಕ್ಸ್‌ಪ್ರೆಸ್, ಸೂಪರ್‌ಫಾಸ್ಟ್ ಎಂದು ಕೇಳುತ್ತದೆ. ಅಲ್ಲಿ ಅಗ್ಗದ್ದನ್ನು ಒತ್ತಿ ಮುಂದೆ ಬಂದ ರೈಲು ಹತ್ತಿದರೆ, 15 ರೂಪಾಯಿ ಉಳಿಸಲು ಹೋಗಿ ದಂಡ ಕಟ್ಟಬೇಕಾದೀತು.

ಸರ್ಕಾರಿ ಬಸ್‌ನಲ್ಲಿ ಬರುವವರಿಗೆ ಹೆಚ್ಚು ಜನ ಬಳಸದ ಎರಡು ರಿಯಾಯಿತಿಗಳಿವೆ. ಕೆಎಸ್‌ಆರ್‌ಟಿಸಿಯಲ್ಲಿ ನಾಲ್ಕು ಅಥವಾ ಹೆಚ್ಚು ಜನ ಒಂದೇ ಟಿಕೆಟ್‌ನಲ್ಲಿ ಮುಂಗಡ ಕಾಯ್ದಿರಿಸಿದರೆ ಶೇ 5ರಷ್ಟು ರಿಯಾಯಿತಿ ಸಿಗುತ್ತದೆ. ಹೋಗುವ, ಬರುವ ಎರಡೂ ಟಿಕೆಟ್ ಒಟ್ಟಿಗೆ ಕಾಯ್ದಿರಿಸಿದರೆ ಮರುಪ್ರಯಾಣದ ದರದಲ್ಲಿ ಶೇ 10ರಷ್ಟು ಕಡಿಮೆ. ನಾಲ್ವರು ಗೆಳೆಯರು ನಾಲ್ಕು ಮೊಬೈಲ್‌ನಲ್ಲಿ ನಾಲ್ಕು ಟಿಕೆಟ್ ಮಾಡಿಕೊಂಡರೆ ಮೊದಲನೆಯದು ಕೈತಪ್ಪುತ್ತದೆ. ಒಬ್ಬರು ಬುಕ್ ಮಾಡಿ, ಉಳಿದವರು ಆಗಲೇ ಹಣ ಕಳುಹಿಸಿಬಿಡುವುದು ಒಳ್ಳೆಯದು.

ಇನ್ನು ಕಾಲೇಜಿಗೆ ಓಡಾಡುವ ವಿದ್ಯಾರ್ಥಿ ಪಾಸ್ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಅದು ಮನೆಯಿಂದ ಕಾಲೇಜಿನ ಮಾರ್ಗಕ್ಕೆ ಮಾತ್ರ. ಬೆಂಗಳೂರಿನ ನಗರ ಸಾರಿಗೆಯಲ್ಲಿ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಶೂನ್ಯ ಟಿಕೆಟ್ ಇದೆ, ಸೀಟು?

2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆ ಹೆಣ್ಣುಮಕ್ಕಳ ಓಡಾಟದ ಲೆಕ್ಕವನ್ನೇ ಬದಲಿಸಿದೆ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಇದ್ದರೆ ರಾಜ್ಯದೊಳಗೆ ಸಾಮಾನ್ಯ ಮತ್ತು ವೇಗದೂತ ಸರ್ಕಾರಿ ಬಸ್‌ಗಳಲ್ಲಿ ಮಹಿಳೆಯರಿಗೆ ಪ್ರಯಾಣ ಉಚಿತ. ಲಿಂಗತ್ವ ಅಲ್ಪಸಂಖ್ಯಾತರಿಗೂ ಈ ಸೌಲಭ್ಯ ಇದೆ. ರಾಜಹಂಸ, ಸ್ಲೀಪರ್, ಎಸಿ ಬಸ್‌ಗಳಿಗೆ ಅನ್ವಯಿಸುವುದಿಲ್ಲ. ಉಚಿತ ಎಂದು ಸುಮ್ಮನೆ ಕೂರುವಂತಿಲ್ಲ, ನಿರ್ವಾಹಕರಿಂದ ಶೂನ್ಯ ದರದ ಟಿಕೆಟ್ ಪಡೆಯಲೇಬೇಕು. ಸಾರಿಗೆ ನಿಗಮಕ್ಕೆ ಸರ್ಕಾರದಿಂದ ಹಣ ಬರುವುದು ಆ ಟಿಕೆಟ್‌ನ ಲೆಕ್ಕದ ಮೇಲೆ.

ಆದರೆ ಶುಕ್ರವಾರ ರಾತ್ರಿಯ ವೇಗದೂತ ಬಸ್‌ನಲ್ಲಿ ಶೂನ್ಯ ಟಿಕೆಟ್ ಸಿಕ್ಕೀತು, ಸೀಟು ಸಿಗಬೇಕೆಂದೇನೂ ಇಲ್ಲ. ಭಾನುವಾರ ಬೆಳಿಗ್ಗೆ ಪರೀಕ್ಷೆ ಬರೆಯಬೇಕಾದವಳು ಶನಿವಾರ ರಾತ್ರಿ ಏಳೆಂಟು ಗಂಟೆ ನಿಂತು ಬಂದರೆ, ಉಳಿದ ಹಣಕ್ಕಿಂತ ಕಳೆದುಹೋದ ನಿದ್ದೆ ದೊಡ್ಡದು. ಸುತ್ತಾಟಕ್ಕೆ ಬರುವಾಗ ಉಚಿತ ಬಸ್, ಪರೀಕ್ಷೆಗೆ ಬರುವಾಗ ಕಾಯ್ದಿರಿಸಿದ ಸೀಟು ಎಂದು ನಿಯಮ ಮಾಡಿಕೊಂಡರೂ ತಪ್ಪಿಲ್ಲ. ಮರಳುವಾಗ ನಿಂತು ಬಂದರೂ ನಡೆಯುತ್ತದೆ, ಉತ್ತರ ಪತ್ರಿಕೆ ಆಗಲೇ ಕೊಟ್ಟಾಗಿರುತ್ತದೆ.

ಎಲ್ಲಿ ಇಳಿಯುತ್ತೀರಿ?

ಟಿಕೆಟ್ ಎಷ್ಟು ಎಂದು ಎಲ್ಲರೂ ನೋಡುತ್ತಾರೆ. ಅದು ನಮ್ಮನ್ನು ಎಲ್ಲಿ ಇಳಿಸುತ್ತದೆ ಎಂದು ನೋಡುವವರು ಕಡಿಮೆ.

ಬೆಂಗಳೂರಿನಲ್ಲಿ ದೊಡ್ಡ ರೈಲು ನಿಲ್ದಾಣಗಳು ಮೂರು. ಸಂಗೊಳ್ಳಿ ರಾಯಣ್ಣ ನಿಲ್ದಾಣದ ಪಕ್ಕದಲ್ಲೇ ಮೆಟ್ರೊ ಇದೆ, ಎದುರಿಗೆ ಮೆಜೆಸ್ಟಿಕ್ ಬಸ್ ನಿಲ್ದಾಣ. ಯಶವಂತಪುರದಲ್ಲಿ ಇಳಿದರೂ ಹಸಿರು ಮಾರ್ಗದ ಮೆಟ್ರೊ ಸಮೀಪ. 2022ರ ಜೂನ್‌ನಲ್ಲಿ ರೈಲುಗಳ ಓಡಾಟ ಶುರುವಾದ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ ಮಾತ್ರ ಹಾಗಲ್ಲ. ನಿಲ್ದಾಣ ಸೊಗಸಾಗಿದೆ, ಆದರೆ ಮೆಟ್ರೊಗೆ ಹೋಗಲು ಬಸ್ಸನ್ನೋ ಆಟೊವನ್ನೋ ಹಿಡಿಯಬೇಕು. ಟಿಕೆಟ್‌ನಲ್ಲಿ ಉಳಿದ ನಲವತ್ತು ಐವತ್ತು ರೂಪಾಯಿ ಆ ಆಟೊಗೇ ಹೋಗುತ್ತದೆ. ಬುಕ್ ಮಾಡುವಾಗ ‘ಬೆಂಗಳೂರು’ ಎಂಬ ಹೆಸರಷ್ಟೇ ಅಲ್ಲ, ಯಾವ ನಿಲ್ದಾಣ ಎಂದೂ ಓದಿ.

ಬಸ್‌ನಲ್ಲಿ ಬರುವವರು ಮೆಜೆಸ್ಟಿಕ್‌ವರೆಗೆ ಕೂರಲೇಬೇಕೆಂದಿಲ್ಲ. ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಬಸ್‌ಗಳು ತುಮಕೂರು ರಸ್ತೆಯಲ್ಲಿ ಬರುತ್ತವೆ. ಅದೇ ರಸ್ತೆಯ ಮೇಲೆ ಮಾದಾವರದಿಂದ ಯಶವಂತಪುರದ ಕಡೆಗೆ ಹಸಿರು ಮಾರ್ಗ ಓಡುತ್ತದೆ. ಮೈಸೂರು ಕಡೆಯಿಂದ ಬರುವವರಿಗೆ ಕೆಂಗೇರಿಯಲ್ಲೇ ನೇರಳೆ ಮಾರ್ಗ ಸಿಗುತ್ತದೆ. ಬೆಳಗಿನ ವಾಹನ ದಟ್ಟಣೆಯಲ್ಲಿ ಬಸ್ ತೆವಳುವ ಹೊತ್ತಿಗೆ ನೀವು ಮೆಟ್ರೊದಲ್ಲಿ ಊರ ಮಧ್ಯ ತಲುಪಿರುತ್ತೀರಿ.

ಭಾನುವಾರಕ್ಕೆ ಮಾತ್ರ ಒಂದು ಎಚ್ಚರಿಕೆ. ಅಂದು ಮೆಟ್ರೊ ಸಾಮಾನ್ಯವಾಗಿ ಶುರುವಾಗುವುದು ಬೆಳಿಗ್ಗೆ 7ಕ್ಕೆ. ದೊಡ್ಡ ಪರೀಕ್ಷೆಗಳಿರುವ ಭಾನುವಾರ ಕೆಲವೊಮ್ಮೆ ಬೇಗ ಓಡಿಸುವುದುಂಟು, ಅದನ್ನು ಮುಂಚೆಯೇ ಪ್ರಕಟಿಸುತ್ತಾರೆ. ಪ್ರಕಟಣೆ ಇಲ್ಲದಿದ್ದರೆ ನಸುಕಿನಲ್ಲಿ ಇಳಿದವರಿಗೆ ಬಿಎಂಟಿಸಿ ಬಸ್ಸೇ ಗತಿ.

ಮೆಟ್ರೊ: ಪಾಸೋ, ಕಾರ್ಡೋ, ಬಿಡಿ ಟಿಕೆಟ್ಟೋ?

2025ರ ಫೆಬ್ರುವರಿಯ ಪರಿಷ್ಕರಣೆಯ ನಂತರ ನಮ್ಮ ಮೆಟ್ರೊದ ಕನಿಷ್ಠ ದರ ₹10, ಗರಿಷ್ಠ ₹90. ಮೊದಲ 2 ಕಿ.ಮೀ.ಗೆ ₹10, 4 ಕಿ.ಮೀ.ವರೆಗೆ ₹20, 6 ಕಿ.ಮೀ.ವರೆಗೆ ₹30, ಹೀಗೆ ದೂರ ಹೆಚ್ಚಿದಂತೆ ಏರುತ್ತದೆ.

ಎಷ್ಟು ಬೇಕಾದರೂ ಓಡಾಡಬಹುದಾದ ಪಾಸ್‌ಗಳು ಮೊದಲು ಕಾರ್ಡ್ ರೂಪದಲ್ಲಿ ಮಾತ್ರ ಇದ್ದವು. 2026ರ ಜನವರಿಯಿಂದ ಮೊಬೈಲ್‌ನಲ್ಲೇ ಕ್ಯುಆರ್ ರೂಪದಲ್ಲೂ ಸಿಗುತ್ತಿವೆ. ಒಂದು ದಿನಕ್ಕೆ ₹250, ಮೂರು ದಿನಕ್ಕೆ ₹550. ‘ಎಷ್ಟು ಬೇಕಾದರೂ’ ಎಂಬ ಮಾತು ಕಿವಿಗೆ ಇಂಪಾಗಿದೆ. ಈಗ ಪೆನ್ನು ತೆಗೆದುಕೊಳ್ಳಿ.

ಬೆಂಗಳೂರಿನಲ್ಲಿ ಮೊದಲ ಸಲ ಬರುವವರು ನೋಡಬಯಸುವ ಜಾಗಗಳಲ್ಲಿ ಬಹುಪಾಲು ಊರ ನಡುವೆಯೇ ಇವೆ. ಮೆಜೆಸ್ಟಿಕ್‌ನಿಂದ ವಿಧಾನಸೌಧ, ಅಲ್ಲಿಂದ ಕಬ್ಬನ್ ಪಾರ್ಕ್ ನಡೆದು ದಾಟಿ ಎಂ.ಜಿ. ರಸ್ತೆ, ಪಕ್ಕದ ಚರ್ಚ್ ಸ್ಟ್ರೀಟ್‌ನ ಪುಸ್ತಕದಂಗಡಿಗಳು, ಮತ್ತೆ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸಿ ಲಾಲ್‌ಬಾಗ್, ಸಂಜೆಗೆ ಗಾಂಧಿ ಬಜಾರ್, ನ್ಯಾಷನಲ್ ಕಾಲೇಜು ನಿಲ್ದಾಣದಿಂದ ವಾಪಸ್. ದಿನವಿಡೀ ಸುತ್ತಿದರೂ ಮೆಟ್ರೊ ಹತ್ತಿದ್ದು ಮೂರ್ನಾಲ್ಕು ಸಲ, ಅದೂ ಹೆಚ್ಚಾಗಿ ₹20ರಿಂದ ₹40ರ ದೂರ. ಒಟ್ಟು ನೂರು ರೂಪಾಯಿಯ ಆಸುಪಾಸು. ₹250ರ ಪಾಸ್ ಕೊಂಡವರು ಒಂದೂವರೆ ಪಟ್ಟು ಹೆಚ್ಚೇ ಕೊಟ್ಟಂತಾಯಿತು.

ಹಾಗಾದರೆ ಪಾಸ್ ಯಾರಿಗೆ? ದೂರದ ತುದಿಗಳ ನಡುವೆ ಓಡುವವರಿಗೆ. ಬೆಳಿಗ್ಗೆ ವೈಟ್‌ಫೀಲ್ಡ್‌ನಲ್ಲಿ ಸಂದರ್ಶನ, ಮಧ್ಯಾಹ್ನ 2025ರ ಆಗಸ್ಟ್‌ನಲ್ಲಿ ಶುರುವಾದ ಹಳದಿ ಮಾರ್ಗ ಹಿಡಿದು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು, ರಾತ್ರಿ ತುಮಕೂರು ರಸ್ತೆಯ ನೆಂಟರ ಮನೆ. ಗರಿಷ್ಠ ದರದ ಮೂರು ಪ್ರಯಾಣ ಆದರೂ ₹270. ಅವರಿಗೆ ಪಾಸ್ ಲಾಭ.

ಇನ್ನೊಂದು ಸಣ್ಣ ಲೆಕ್ಕ. ವಾರಾಂತ್ಯ ಎಂದರೆ ಎರಡು ದಿನ. ಮೂರು ದಿನದ ಪಾಸ್‌ಗೆ ₹550, ಒಂದು ದಿನದ ಎರಡು ಪಾಸ್‌ಗೆ ₹500. ‘ದೊಡ್ಡ ಪಾಸ್ ಕೊಂಡರೆ ಅಗ್ಗ’ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ಎರಡೂ ದಿನ ಪಾಸ್ ಬೇಕೇ ಎಂಬುದು ಅದಕ್ಕೂ ಮೊದಲಿನ ಪ್ರಶ್ನೆ.

ಸ್ಮಾರ್ಟ್ ಕಾರ್ಡ್‌ಗೆ ರಿಯಾಯಿತಿ ಇದೆ. ಎಲ್ಲ ದಿನ ಶೇ 5, ದಟ್ಟಣೆ ಇಲ್ಲದ ಹೊತ್ತಿನಲ್ಲಿ ಮತ್ತೆ ಶೇ 5, ಭಾನುವಾರ ಇಡೀ ದಿನ ಶೇ 10. ಆದರೆ ಕಾರ್ಡಿಗೇ ₹50 ಬೆಲೆ ಇದೆ. ಶೇ 10ರ ರಿಯಾಯಿತಿಯಲ್ಲಿ ಆ ಐವತ್ತು ಹುಟ್ಟಬೇಕಾದರೆ ₹500ರಷ್ಟು ಪ್ರಯಾಣ ಮಾಡಬೇಕು, ಶೇ 5ರಲ್ಲಾದರೆ ₹1,000ದಷ್ಟು. ಗೇಟ್ ದಾಟಲು ಕಾರ್ಡ್‌ನಲ್ಲಿ ಕನಿಷ್ಠ ₹90 ಇರಲೇಬೇಕು. ಒಮ್ಮೆ ಬಂದು ಹೋಗುವವರಿಗೆ ಇದು ಬೇಡ. ತಿಂಗಳಿಗೊಮ್ಮೆ ಪರೀಕ್ಷೆ, ಸಂದರ್ಶನ ಎಂದು ಬರುತ್ತಲೇ ಇರುವವರು ಇವತ್ತೇ ಕೊಂಡರೂ ನಷ್ಟವಿಲ್ಲ. ಒಂದು ಕಾರ್ಡ್‌ನಲ್ಲಿ ಇಬ್ಬರು ಹೋಗುವಂತಿಲ್ಲ ಎಂಬುದು ಗೊತ್ತಿರಲಿ.

ಉಳಿದವರಿಗೆ ಮೊಬೈಲ್‌ನ ಕ್ಯುಆರ್ ಟಿಕೆಟ್ ಸಾಕು. ವಾಟ್ಸ್‌ಆ್ಯಪ್‌ನಲ್ಲೇ ತೆಗೆಯಬಹುದು. ಆರು ಜನರವರೆಗೆ ಒಂದೇ ಕ್ಯುಆರ್‌ನಲ್ಲಿ ಟಿಕೆಟ್ ಮಾಡುವ ಅನುಕೂಲ ಇದೆ. ಕೌಂಟರ್ ಮುಂದಿನ ಸಾಲು ತಪ್ಪುತ್ತದೆ. ಯಾರು ಎಷ್ಟು ಕೊಡಬೇಕು ಎಂಬುದಕ್ಕೆ ಮೊಬೈಲ್‌ನಲ್ಲೇ ಲೆಕ್ಕ ಉಳಿಯುತ್ತದೆ.

ಬಸ್‌ನ ದಿನದ ಪಾಸ್

ಬಿಎಂಟಿಸಿ ಸಾಮಾನ್ಯ ಬಸ್‌ಗಳ ದಿನದ ಪಾಸ್ 2025ರ ಜನವರಿಯ ದರ ಏರಿಕೆಯ ನಂತರ ₹80. ಎಸಿ ವಜ್ರ ಬಸ್‌ಗಳ ಪಾಸ್ ₹140, ಅದನ್ನು ಹಿಡಿದು ಸಾಮಾನ್ಯ ಬಸ್‌ನಲ್ಲೂ ಹೋಗಬಹುದು. ವಿಮಾನ ನಿಲ್ದಾಣದ ವಾಯುವಜ್ರಕ್ಕೆ ಬೇರೆಯೇ ಲೆಕ್ಕ. ಪಾಸನ್ನು ನಿರ್ವಾಹಕರ ಬಳಿ ಕೊಳ್ಳಬಹುದು, ಟುಮೋಕ್ ಆ್ಯಪ್‌ನಲ್ಲೂ ಸಿಗುತ್ತದೆ.

ಮೆಟ್ರೊ ಪಾಸ್‌ಗೆ ಹೋಲಿಸಿದರೆ ಬಸ್ ಪಾಸ್ ಬೇಗ ಲಾಭ ತರುತ್ತದೆ. ಮೆಟ್ರೊ ಇಲ್ಲದ ಕಡೆಗೆ ಹೋಗುವ ದಿನವಂತೂ ಅದಕ್ಕೆ ಸಾಟಿ ಇಲ್ಲ. ಬನ್ನೇರುಘಟ್ಟ ಜೈವಿಕ ಉದ್ಯಾನಕ್ಕೆ ಮೆಜೆಸ್ಟಿಕ್‌ನಿಂದ 365 ಸಂಖ್ಯೆಯ ಬಸ್ ಇದೆ. ಹೋಗಿ ಬಂದು, ಸಂಜೆ ಜಯನಗರಕ್ಕೋ ಮಲ್ಲೇಶ್ವರಕ್ಕೋ ಒಂದು ಸುತ್ತು ಹಾಕಿ, ರಾತ್ರಿ ಉಳಿದ ಜಾಗಕ್ಕೆ ಮರಳುವವರಿಗೆ ₹80ರ ಪಾಸ್ ದಕ್ಕುತ್ತದೆ. ಉದ್ಯಾನಕ್ಕೆ ಮಂಗಳವಾರ ರಜೆ, ವಾರಾಂತ್ಯದಲ್ಲಿ ತೊಂದರೆ ಇಲ್ಲ.

ಹತ್ತಿರದ ಒಂದೆರಡು ಪ್ರಯಾಣಕ್ಕೆ ಮಾತ್ರ ಪಾಸ್ ಬೇಡ. ಕನಿಷ್ಠ ದರ ₹6 ಇರುವ ಬಸ್‌ನಲ್ಲಿ ಎರಡು ಸಲ ಕೂರಲು ₹80 ಯಾಕೆ? ಟಿಕೆಟ್‌ಗೆ ಯುಪಿಐ ನಡೆಯುತ್ತದೆ. ಆದರೂ ಸ್ವಲ್ಪ ಚಿಲ್ಲರೆ ಇಟ್ಟುಕೊಂಡರೆ, ನೆಟ್‌ವರ್ಕ್ ಇಲ್ಲದ ಕಡೆ ನಿರ್ವಾಹಕರಿಗೂ ನಿಮಗೂ ಮಾತು ಬೆಳೆಯುವುದಿಲ್ಲ. ಬಸ್ ಎಲ್ಲಿದೆ ಎಂದು ತಿಳಿಯಲು ‘ನಮ್ಮ ಬಿಎಂಟಿಸಿ’ ಆ್ಯಪ್ ಇದೆ.

ಪಾಸ್‌ಗೆ ಇನ್ನೊಂದು ಗುಣ ಇದೆ. ಕೊಂಡ ಮೇಲೆ ಅದು ನಮ್ಮನ್ನು ಓಡಿಸುತ್ತದೆ. ‘ಪಾಸ್ ಇದೆಯಲ್ಲ, ಅಲ್ಲಿಗೂ ಹೋಗೋಣ’ ಎಂದು ಲಾಲ್‌ಬಾಗ್‌ನ ಮರದ ನೆರಳಲ್ಲಿ ಕೂರಬೇಕಾದ ಒಂದು ಗಂಟೆಯನ್ನು ಬಸ್‌ನ ಕಂಬಿ ಹಿಡಿದು ಕಳೆಯುವವರಿದ್ದಾರೆ. ದುಡ್ಡು ಹುಟ್ಟಿಸಲು ಹೋಗಿ ದಿನ ಕಳೆದುಕೊಳ್ಳಬಾರದು.

ನಾಲ್ವರ ಲೆಕ್ಕ

ಈಗ ಮೊದಲು ಹೇಳಿದ ₹160 ಮತ್ತು ₹390ರ ವಿಷಯಕ್ಕೆ ಬರೋಣ. ಮಂಗಳೂರಿನ ಕಾಲೇಜೊಂದರ ನಾಲ್ವರು ಗೆಳೆಯರು ಎಂದುಕೊಳ್ಳಿ. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಹುಡುಗಿಯರಲ್ಲಿ ಒಬ್ಬಳ ಆಧಾರ್ ಪುತ್ತೂರಿನದು, ಇನ್ನೊಬ್ಬಳದು ಕಾಸರಗೋಡಿನದು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು, ಮನೆಯಲ್ಲಿ ಕನ್ನಡವನ್ನೇ ಆಡಿದರೂ ವಿಳಾಸ ಕೇರಳದ್ದಾದ್ದರಿಂದ ಎರಡನೆಯವಳಿಗೆ ಶೂನ್ಯ ಟಿಕೆಟ್ ಇಲ್ಲ.

ಶನಿವಾರ ಊರ ನಡುವಿನ ಸುತ್ತಾಟ, ಮೆಟ್ರೊದಲ್ಲಿ ಬಿಡಿ ಕ್ಯುಆರ್ ಟಿಕೆಟ್. ತಲೆಗೆ ಸುಮಾರು ₹100, ನಾಲ್ವರಿಗೆ ₹400. ಭಾನುವಾರ ಬನ್ನೇರುಘಟ್ಟ, ಸಾಮಾನ್ಯ ಬಸ್. ಮೂವರಿಗೆ ₹80ರ ಪಾಸ್, ಪುತ್ತೂರಿನವಳಿಗೆ ಶೂನ್ಯ. ಅಲ್ಲಿಗೆ ₹240. ಎರಡು ದಿನಕ್ಕೆ ಒಟ್ಟು ₹640, ಸಮ ಹಂಚಿಕೊಂಡರೆ ತಲೆಗೆ ₹160.

ಅದೇ ನಾಲ್ವರು ‘ತಲೆನೋವೇ ಬೇಡ, ಎಲ್ಲದಕ್ಕೂ ಪಾಸ್ ತಗೊಳ್ಳೋಣ’ ಎಂದರು ಎನ್ನಿ. ಶನಿವಾರ ಮೆಟ್ರೊ ಪಾಸ್ ₹1,000, ಭಾನುವಾರ ವಜ್ರ ಪಾಸ್ ₹560. ಒಟ್ಟು ₹1,560, ತಲೆಗೆ ₹390. ನೋಡಿದ ಜಾಗ ಒಂದೇ, ವ್ಯತ್ಯಾಸ ₹920. ಅಷ್ಟು ಹಣದಲ್ಲಿ ನಾಲ್ವರಿಗೂ ಒಂದು ಹೊತ್ತಿನ ಒಳ್ಳೆಯ ಊಟ ಆಗುತ್ತದೆ. ಇಲ್ಲವೇ ‘ಮನೇಲಿ ಕೆಲಸ ಇದೆ’ ಎಂದು ಹಿಂದೆ ಉಳಿದ ಐದನೆಯವನನ್ನೂ ಕರೆದುಕೊಂಡು ಬರಬಹುದಿತ್ತು.

ಈ ಲೆಕ್ಕದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ‘ಬಿಸಿಲು ಜಾಸ್ತಿ, ವಜ್ರದಲ್ಲಿ ಹೋಗೋಣ’ ಎಂದು ಒಬ್ಬರು ಹೇಳುವುದು ಸುಲಭ. ಹುಡುಗರಿಗೆ ಅದರಿಂದ ಹೆಚ್ಚಾಗುವುದು ₹60. ಆದರೆ ಪುತ್ತೂರಿನವಳಿಗೆ ಸೊನ್ನೆಯಿಂದ ₹140. ಮೆಟ್ರೊದಲ್ಲೂ ಹೀಗೆಯೇ. ಅಲ್ಲಿ ಶಕ್ತಿ ಯೋಜನೆ ಇಲ್ಲ, ಎಲ್ಲರಿಗೂ ಒಂದೇ ದರ. ಗುಂಪಿನ ನಿರ್ಧಾರ ಎಲ್ಲರ ಮೇಲೂ ಒಂದೇ ಭಾರ ಹೊರಿಸುವುದಿಲ್ಲ. ಅವಳು ಸಂಕೋಚಕ್ಕೆ ‘ಆಯ್ತು’ ಎಂದಿರಬಹುದು. ಕೇಳುವುದು ಉಳಿದವರ ಕೆಲಸ.

ಹಂಚಿಕೊಳ್ಳುವುದು ಹೇಗೆ ಎಂಬುದನ್ನೂ ಹೊರಡುವ ಮೊದಲೇ ಮಾತಾಡಿಕೊಳ್ಳಿ. ಎಲ್ಲರ ಖರ್ಚು ಒಟ್ಟು ಮಾಡಿ ಸಮ ಹಂಚುವುದು ಒಂದು ದಾರಿ. ಅವರವರ ಟಿಕೆಟ್ ಅವರವರದು ಎನ್ನುವುದು ಇನ್ನೊಂದು. ಎರಡರಲ್ಲೂ ನ್ಯಾಯ ಇದೆ. ‘ನಿಂಗೆ ಬಸ್ ಫ್ರೀ ಅಲ್ವಾ, ಕಾಫಿ ದುಡ್ಡು ನೀನೇ ಕೊಡು’ ಎಂದು ತಮಾಷೆ ಮಾಡುವುದು ಮಾತ್ರ ಸರಿಯಲ್ಲ. ಹೆಣ್ಣುಮಕ್ಕಳು ಹೊಸ್ತಿಲು ದಾಟಿ ಓದಿಗೆ, ಕೆಲಸಕ್ಕೆ, ಸುಮ್ಮನೆ ಸುತ್ತಾಡುವುದಕ್ಕೂ ಹೋಗಲಿ ಎಂದು ಸಿಕ್ಕ ಸೌಲಭ್ಯವನ್ನು ಗೆಳೆಯರೇ ವಸೂಲಿ ಮಾಡಿದರೆ ಹೇಗೆ?

ಆಟೊ ಬೇಡವೇ ಬೇಡವಾ?

ಹಾಗೇನಿಲ್ಲ. 2025ರ ಆಗಸ್ಟ್‌ನಿಂದ ಆಟೊ ಮೀಟರ್ ದರ ಮೊದಲ 2 ಕಿ.ಮೀ.ಗೆ ₹36, ಆಮೇಲೆ ಪ್ರತಿ ಕಿ.ಮೀ.ಗೆ ₹18. ಮೂವರು ಕೂತು 2 ಕಿ.ಮೀ. ಹೋದರೆ ತಲೆಗೆ ₹12, ಮೆಟ್ರೊದಲ್ಲಾದರೆ ₹10. 4 ಕಿ.ಮೀ. ಹೋದರೆ ₹24, ಮೆಟ್ರೊದಲ್ಲಿ ₹20. ಮೀಟರ್ ಹಾಕಲು ಒಪ್ಪಿದರೆ, ಮನೆ ಬಾಗಿಲಿಂದ ಬಾಗಿಲಿಗೆ ಹೋಗುವ ಅನುಕೂಲಕ್ಕೆ ಇದು ದುಬಾರಿಯೇನಲ್ಲ. ಆದರೆ ಆಟೊದಲ್ಲಿ ಪ್ರಯಾಣಿಕರು ಮೂವರೇ. ನಾಲ್ವರಿದ್ದರೆ ಎರಡು ಆಟೊ, ಖರ್ಚೂ ಎರಡು ಪಟ್ಟು. ರಾತ್ರಿ 10ರಿಂದ ಬೆಳಗಿನ 5ರವರೆಗೆ ದರ ಒಂದೂವರೆ ಪಟ್ಟು. ಮೆಟ್ರೊದ ಕೊನೆಯ ರೈಲುಗಳು ಹೊರಡುವುದು ಸುಮಾರು ರಾತ್ರಿ 11ರ ಹೊತ್ತಿಗೆ. ಊಟ ಮುಗಿಸಿ ಹರಟುತ್ತಾ ಕೂತು ಆ ರೈಲು ತಪ್ಪಿಸಿಕೊಂಡರೆ ಇಡೀ ದಿನ ಉಳಿಸಿದ್ದು ಒಂದೇ ಆಟೊಗೆ ಹೋದೀತು.

ಊರು ಪೂರ್ತಿ ಹೊಸದು, ದಾರಿ ಹುಡುಕುವ ತಾಪತ್ರಯವೇ ಬೇಡ ಎನ್ನುವವರಿಗೆ ಬಿಎಂಟಿಸಿಯದೇ ‘ಬೆಂಗಳೂರು ದರ್ಶಿನಿ’ ಬಸ್ ಇದೆ. ಮುಖ್ಯ ಜಾಗಗಳನ್ನು ಒಂದೇ ಟಿಕೆಟ್‌ನಲ್ಲಿ ಸುತ್ತಿಸುತ್ತದೆ. ಅಪ್ಪ–ಅಮ್ಮನನ್ನು ಕರೆದುಕೊಂಡು ಬಂದಾಗ ಅನುಕೂಲ. ಗೆಳೆಯರ ಜತೆಗಾದರೆ ದಾರಿ ಹುಡುಕುವುದರಲ್ಲೂ ಒಂದು ಮಜಾ ಇದೆ.

ಹೊರಡುವ ಮುನ್ನ

ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಿರಿ. ಮೊದಲ ಸಾಲಿನಲ್ಲಿ ಆ ದಿನ ನೋಡಲೇಬೇಕಾದ ಜಾಗಗಳು. ನಾಲ್ಕಕ್ಕಿಂತ ಹೆಚ್ಚು ಬೇಡ. ಕೆಲವಕ್ಕೆ ದಿನದ ಕಟ್ಟು ಇರುತ್ತದೆ. ಉದಾಹರಣೆಗೆ 2025ರ ಜೂನ್‌ನಲ್ಲಿ ಶುರುವಾದ ವಿಧಾನಸೌಧದ ಮಾರ್ಗದರ್ಶಿ ನಡಿಗೆ ಇರುವುದು ಭಾನುವಾರಗಳಂದು ಹಾಗೂ ಎರಡನೇ ಮತ್ತು ನಾಲ್ಕನೇ ಶನಿವಾರ, ಅದಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಕಾಯ್ದಿರಿಸಬೇಕು. ಎರಡನೇ ಸಾಲಿನಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆಯಬಹುದೇ, ಬಸ್ಸೇ, ಮೆಟ್ರೊವೇ ಎಂದು ಗುರುತು ಹಾಕಿ. ಮೂರನೇ ಸಾಲಿನಲ್ಲಿ ಬಿಡಿ ಟಿಕೆಟ್‌ಗಳ ದರ. ಆ ಮೊತ್ತ ಪಾಸ್‌ನ ಬೆಲೆ ದಾಟಿದರೆ ಪಾಸ್ ಕೊಳ್ಳಿ, ಇಲ್ಲದಿದ್ದರೆ ಬೇಡ. ಇದಕ್ಕೆ ಹದಿನೈದು ನಿಮಿಷ ಸಾಕು. ದರಗಳು ಆಗಾಗ ಬದಲಾಗುತ್ತವೆ, ಹೊರಡುವ ಹಿಂದಿನ ದಿನ ಆ್ಯಪ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಗುರುತಿನ ಚೀಟಿ, ಪವರ್ ಬ್ಯಾಂಕ್ ಜತೆಗಿರಲಿ. ಟಿಕೆಟ್ ಎಲ್ಲ ಮೊಬೈಲ್‌ನೊಳಗೇ ಇರುವ ಕಾಲದಲ್ಲಿ ಬ್ಯಾಟರಿ ಸತ್ತರೆ ಟಿಕೆಟ್ ಇದ್ದೂ ಇಲ್ಲದಂತೆ. ದೊಡ್ಡ ಬ್ಯಾಗನ್ನು ರೈಲು ನಿಲ್ದಾಣದ ಕ್ಲೋಕ್ ರೂಂನಲ್ಲಿಟ್ಟರೆ ಬಸ್ ಹತ್ತಿ ಇಳಿಯುವುದೂ ನಡೆಯುವುದೂ ಹಗುರ. ಬೀಗ ಹಾಕಿದ ಬ್ಯಾಗ್ ಮಾತ್ರ ಅಲ್ಲಿ ತೆಗೆದುಕೊಳ್ಳುತ್ತಾರೆ, ಒಂದು ಸಣ್ಣ ಬೀಗ ಮರೆಯಬೇಡಿ.

ಖರ್ಚಿನ ಲೆಕ್ಕ ಹಾಕುವುದು ಜಿಪುಣತನ ಎಂದು ನಮ್ಮಲ್ಲಿ ಅನೇಕರಿಗೆ ಮುಜುಗರ. ‘ಎಷ್ಟಾಗುತ್ತೆ?’ ಎಂದು ಮೊದಲು ಕೇಳಿದವರನ್ನು ರೇಗಿಸುವುದೂ ಉಂಟು. ನಿಜಕ್ಕೂ ಗುಂಪಿನಲ್ಲಿ ಎಲ್ಲರಿಗಿಂತ ದೊಡ್ಡ ಉಪಕಾರ ಮಾಡುವವರು ಅವರೇ. ಮೊತ್ತ ಮುಂಚೆಯೇ ಗೊತ್ತಾದರೆ ಕಡಿಮೆ ಹಣ ಇರುವವರೂ ಧೈರ್ಯವಾಗಿ ‘ಬರ್ತೀನಿ’ ಎನ್ನಬಹುದು. ಮುಂದಿನ ಸಲ ಗುಂಪಿನಲ್ಲಿ ಪ್ರವಾಸದ ಮಾತು ಬಂದಾಗ ಜಾಗಗಳ ಪಟ್ಟಿಯ ಕೆಳಗೇ ಓಡಾಟದ ಖರ್ಚನ್ನೂ ಬರೆದು ಹಾಕಿ. ಎಷ್ಟು ಜನರಿಗೆ ಇದ್ದಕ್ಕಿದ್ದಂತೆ ಮನೆಯ ಕೆಲಸ ಇಲ್ಲವಾಗುತ್ತದೆ ನೋಡಿ.